ಮನೆ ರಿಪೇರಿ ಸಾಲ: ಸಹಿ ಹಾಕುವ ಮುಂಚೆ, ದುಡ್ಡು ಕೈ ಬಿಡುವ ಮುಂಚೆ

ಮನೆ ರಿಪೇರಿಗೆ ಅಂತ ಸಾಲ ತಗೊಂಡಾಗ ನೀವು ಇಬ್ಬರ ಜೊತೆ ವ್ಯವಹಾರಕ್ಕೆ ಇಳಿದಿರುತ್ತೀರಿ. ಒಬ್ಬರು ದುಡ್ಡು ಕೊಡುವವರು, ಇನ್ನೊಬ್ಬರು ಕೆಲಸ ಮಾಡುವವರು. ನಿಮ್ಮ ಮನಸ್ಸಿನಲ್ಲಿ ಎರಡೂ ಒಂದೇ. ತಾರಸಿ ಸೋರುತ್ತಿದೆ, ಸಾಲ ತಂದು ಸರಿ ಮಾಡಿಸಬೇಕು, ಅಷ್ಟೇ. ಕಾನೂನಿನ ಕಣ್ಣಿಗೆ ಮಾತ್ರ ಇವು ಬೇರೆ ಬೇರೆ ಒಪ್ಪಂದಗಳು. ಕಂಟ್ರ್ಯಾಕ್ಟರ್ ಅರ್ಧಕ್ಕೇ ಕೆಲಸ ಬಿಟ್ಟು ಹೋದರೂ ಮುಂದಿನ ತಿಂಗಳು ನಿಮ್ಮ ಖಾತೆಯಿಂದ ಇಎಂಐ ಕಟ್ ಆಗೇ ಆಗುತ್ತದೆ. "ಕೆಲಸ ಆಗಿಲ್ಲ, ಕಂತು ನಿಲ್ಲಿಸಿ" ಅಂದರೆ ಬ್ಯಾಂಕಿನವರು ಒಪ್ಪುವುದಿಲ್ಲ. ಅವರು ಸಾಲ ಕೊಟ್ಟಿರುವುದು ನಿಮಗೆ, ಕಂಟ್ರ್ಯಾಕ್ಟರಿಗಲ್ಲ.

ಇವತ್ತಿನ ಮಾತೆಲ್ಲ ಈ ಒಂದು ವಿಷಯದ ಸುತ್ತಲೇ ಇದೆ. 2023ರಿಂದ ಈಚೆಗೆ ರಿಸರ್ವ್ ಬ್ಯಾಂಕ್ ಸಾಲಗಾರರ ಪರವಾಗಿ ಸಾಕಷ್ಟು ನಿಯಮ ತಂದಿದೆ. ಅವುಗಳಲ್ಲಿ ಕೆಲವು ನಿಜಕ್ಕೂ ಗಟ್ಟಿಯಾದವು, ಆದರೆ ಹೆಚ್ಚಿನ ಜನರಿಗೆ ಗೊತ್ತೇ ಇಲ್ಲ. ಹಾಗಾಗಿ ಸಾಲ ಕೊಡುವವರ ಕಡೆಯಿಂದ ನಿಮಗೆ ರಕ್ಷಣೆ ಚೆನ್ನಾಗಿಯೇ ಇದೆ. ಕೆಲಸ ಮಾಡುವವರ ಕಡೆಯಿಂದ ಬರುವ ನಷ್ಟಕ್ಕೆ ಅಂಥ ಸಿದ್ಧ ರಕ್ಷಣೆ ಇಲ್ಲ. ಅದನ್ನು ನೀವೇ ಕಟ್ಟಿಕೊಳ್ಳಬೇಕು, ಅದೂ ದುಡ್ಡು ಕೈ ಬಿಡುವ ಮುಂಚೆ.

ಮೊದಲು ಯಾವ ಸಾಲ ಅನ್ನುವುದನ್ನು ನೋಡೋಣ. ರಿಪೇರಿಗೆ ಅಂತಲೇ ಕೊಡುವ ಹೋಮ್ ಇಂಪ್ರೂವ್‌ಮೆಂಟ್ ಲೋನ್ ಒಂದು. ಈಗಾಗಲೇ ಗೃಹಸಾಲ ಇದ್ದರೆ ಅದರ ಮೇಲೆ ಟಾಪ್‌ಅಪ್ ಇನ್ನೊಂದು. ಪರ್ಸನಲ್ ಲೋನ್ ಮತ್ತೊಂದು. ಮನೆಯನ್ನೇ ಅಡ ಇಟ್ಟು ತೆಗೆಯುವ ಸಾಲ ಬೇರೆ. ಜನ ಬಡ್ಡಿ ದರ ಮಾತ್ರ ನೋಡಿ ಆರಿಸುತ್ತಾರೆ. ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದಾಗ ಎದುರಿಗೆ ಕೂತವರ ಮೊದಲ ಪ್ರಶ್ನೆ ಯಾವಾಗಲೂ "ಎಷ್ಟು ಪರ್ಸೆಂಟು ಸಾರ್?" ಅಂತಲೇ ಇರುತ್ತಿತ್ತು. ಕೇಳಬೇಕಾದ ಮೊದಲ ಪ್ರಶ್ನೆ ಬೇರೆ ಇದೆ. ಈ ಸಾಲಕ್ಕೆ ನನ್ನ ಮನೆ ಪತ್ರ ಅಡ ಹೋಗುತ್ತದೆಯೇ? ಪರ್ಸನಲ್ ಲೋನಿಗೆ ಬಡ್ಡಿ ಜಾಸ್ತಿ, ನಿಜ. ಆದರೆ ಅದಕ್ಕೆ ಮನೆ ಅಡ ಇರುವುದಿಲ್ಲ, ಕಂತು ತಪ್ಪಿದರೆ ಬ್ಯಾಂಕು ನೇರವಾಗಿ ಮನೆ ಮೇಲೆ ಕೈ ಹಾಕಲು ಆಗುವುದಿಲ್ಲ. ಸ್ನಾನದ ಮನೆಗೆ ಹೊಸ ಟೈಲ್ಸ್ ಹಾಕಿಸಲು ಇಡೀ ಮನೆ ಅಡ ಇಡಬೇಕೇ ಅನ್ನುವುದನ್ನು ಯೋಚನೆ ಮಾಡಿ. ಕೆಲಸ ದೊಡ್ಡದು, ಮಹಡಿ ಏರಿಸುವುದು, ಕಂಬ-ತೊಲೆ ಬದಲಾಯಿಸುವುದು ಅಂದರೆ ಅಡ ಇಟ್ಟ ಸಾಲವೇ ಸರಿ, ಅದರಲ್ಲಿ ತಪ್ಪೇನಿಲ್ಲ.

ಅವಧಿಯ ಬಗ್ಗೆಯೂ ಒಂದು ಲೆಕ್ಕ ಹೇಳುತ್ತೇನೆ. 5 ಲಕ್ಷ ರೂಪಾಯಿ, ಶೇ. 9 ಬಡ್ಡಿ. 5 ವರ್ಷಕ್ಕೆ ತೆಗೆದರೆ ಇಎಂಐ ಸುಮಾರು 10,380 ರೂಪಾಯಿ, ಒಟ್ಟು ಬಡ್ಡಿ ಸುಮಾರು 1.23 ಲಕ್ಷ. ಅದೇ ಸಾಲವನ್ನು ಟಾಪ್‌ಅಪ್ ಮಾಡಿ 20 ವರ್ಷಕ್ಕೆ ಎಳೆದರೆ ಇಎಂಐ ಸುಮಾರು 4,500. ಕೇಳಲು ಹಗುರ, ಅಲ್ವಾ? ಒಟ್ಟು ಬಡ್ಡಿ ಮಾತ್ರ ಸುಮಾರು 5.8 ಲಕ್ಷ. ತೆಗೆದ ಸಾಲಕ್ಕಿಂತ ಬಡ್ಡಿಯೇ ಜಾಸ್ತಿ. ಈಗ ಹೊಡೆಸಿದ ಬಣ್ಣ 20 ವರ್ಷ ಬಾಳುವುದಿಲ್ಲ. ಕೆಲಸ ಎಷ್ಟು ವರ್ಷ ಬಾಳುತ್ತದೋ ಸಾಲ ಅದಕ್ಕಿಂತ ಮುಂಚೆ ತೀರುವ ಹಾಗಿರಲಿ ಅನ್ನುವುದು ನನ್ನ ಅಭಿಪ್ರಾಯ. ತೆರಿಗೆ ಉಳಿಯುತ್ತದೆ ಅಂತ ಯಾರಾದರೂ ಹುರಿದುಂಬಿಸಿದರೆ ಒಂದು ಮಾತು ನೆನಪಿರಲಿ. ನಾವೇ ವಾಸ ಇರುವ ಮನೆಯ ರಿಪೇರಿ ಸಾಲದ ಬಡ್ಡಿಗೆ ಹಳೆ ತೆರಿಗೆ ಪದ್ಧತಿಯಲ್ಲಿ ಸಿಗುವ ವಿನಾಯಿತಿ ವರ್ಷಕ್ಕೆ 30,000 ರೂಪಾಯಿ ಮಾತ್ರ, 2 ಲಕ್ಷ ಅಲ್ಲ. ಆ 30,000 ಕೂಡ 2 ಲಕ್ಷದ ಒಟ್ಟು ಮಿತಿಯ ಒಳಗೇ ಬರುತ್ತದೆ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

ಈಗ ಕಾಗದಕ್ಕೆ ಬರೋಣ. 2024ರ ಅಕ್ಟೋಬರ್ 1ರಿಂದ ಮಂಜೂರಾದ ಪ್ರತಿ ರೀಟೇಲ್ ಸಾಲಕ್ಕೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನುವ ಒಂದು ಹಾಳೆ ಕೊಡಲೇಬೇಕು. ಬ್ಯಾಂಕಿನವರು ಕೆಎಫ್‌ಎಸ್ ಅನ್ನುತ್ತಾರೆ. ಬ್ಯಾಂಕು, ಫೈನಾನ್ಸ್ ಕಂಪನಿ, ಹೌಸಿಂಗ್ ಫೈನಾನ್ಸ್ ಕಂಪನಿ ಎಲ್ಲರಿಗೂ ಇದು ಅನ್ವಯ. ಅದು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಅಂತ ನಿಯಮವೇ ಹೇಳುತ್ತದೆ. ಹಾಗಾಗಿ "ಕನ್ನಡದಲ್ಲಿ ಕೊಡಿ" ಅಂತ ಕೇಳಲು ಹಿಂಜರಿಯಬೇಡಿ. ಅದರಲ್ಲಿ ಇರುವುದನ್ನು ನಿಮಗೆ ವಿವರಿಸಿ ಹೇಳಿ, ಅರ್ಥವಾಗಿದೆ ಅಂತ ನಿಮ್ಮಿಂದ ಒಪ್ಪಿಗೆ ಪಡೆಯಬೇಕು ಅಂತಲೂ ಇದೆ. ಅಂದರೆ ಆ ಸಹಿ ಹಾಕುವ ಮುಂಚೆ ಎಷ್ಟು ಪ್ರಶ್ನೆ ಬೇಕಾದರೂ ಕೇಳುವ ಹಕ್ಕು ನಿಮ್ಮದು.

ಆ ಹಾಳೆಯನ್ನು ಹೇಗೆ ಓದಬೇಕು? ಮೇಲೆ ಸಾಲದ ನಂಬರ್, ಯಾವ ಬಗೆಯ ಸಾಲ, ಮಂಜೂರಾದ ಮೊತ್ತ ಇರುತ್ತವೆ. ಇದನ್ನು ಎಲ್ಲರೂ ಓದುತ್ತಾರೆ. ಅದರ ಕೆಳಗಿನ ಸಾಲಿನಲ್ಲೇ ದುಡ್ಡು ಒಂದೇ ಸಲಕ್ಕೆ ಬಿಡುಗಡೆಯೋ, ಹಂತ ಹಂತವಾಗಿಯೋ ಅಂತ ಬರೆದಿರುತ್ತದೆ. ರಿಪೇರಿ ಸಾಲಕ್ಕೆ ನನ್ನ ಪ್ರಕಾರ ಇದೇ ಮುಖ್ಯವಾದ ಸಾಲು, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮುಂದೆ ಅವಧಿ, ಕಂತು, ಬಡ್ಡಿ ಸ್ಥಿರವೋ ಬದಲಾಗುವುದೋ ಅನ್ನುವ ವಿವರ. ಆಮೇಲೆ ಫೀಸುಗಳ ಪಟ್ಟಿ. ಅದರಲ್ಲಿ ಎರಡು ಅಂಕಣ ಇವೆ. ಒಂದು ಸಾಲ ಕೊಡುವವರಿಗೆ ಹೋಗುವ ಹಣ. ಇನ್ನೊಂದು ಅವರ ಮೂಲಕ ಬೇರೆಯವರಿಗೆ ಹೋಗುವ ಹಣ, ಅಂದರೆ ವಿಮೆ, ಲಾಯರ್ ಫೀಸು, ವ್ಯಾಲ್ಯುಯೇಷನ್ ಥರದವು. ಇದೆಲ್ಲ ಸೇರಿಸಿದ ಮೇಲೆ ಬರುವ ವಾರ್ಷಿಕ ದರವೇ ಎಪಿಆರ್. ಕೊನೆಯ ಭಾಗದಲ್ಲಿ ದೂರು ಕೇಳುವ ಅಧಿಕಾರಿಯ ಫೋನ್ ನಂಬರ್, ಇಮೇಲ್ ಇರುತ್ತದೆ. ಆ ಪುಟದ ಫೋಟೋ ತೆಗೆದು ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಪಿಆರ್ ಯಾಕೆ ಮುಖ್ಯ? 5 ಲಕ್ಷ ಸಾಲ, ಶೇ. 11 ಬಡ್ಡಿ, 5 ವರ್ಷ ಅಂತಿಟ್ಟುಕೊಳ್ಳಿ. ಇಎಂಐ ಸುಮಾರು 10,870. ಪ್ರೊಸೆಸಿಂಗ್ ಫೀ, ವಿಮೆ, ಅದು ಇದು ಅಂತ 25,000 ಮೊದಲೇ ಹಿಡಿದುಕೊಂಡು ನಿಮ್ಮ ಕೈಗೆ 4.75 ಲಕ್ಷ ಕೊಟ್ಟರು. ಕಂತು ಮಾತ್ರ 5 ಲಕ್ಷಕ್ಕೇ. ಆಗ ನೀವು ನಿಜವಾಗಿ ಕೊಡುತ್ತಿರುವುದು ಶೇ. 13ಕ್ಕಿಂತ ಜಾಸ್ತಿ. ಫ್ಲಾಟ್ ರೇಟ್ ಅಂತ ಹೇಳುವವರ ಹತ್ತಿರ ಇನ್ನೂ ಎಚ್ಚರ ಬೇಕು. ಶೇ. 10 ಫ್ಲಾಟ್ ಅಂದರೆ 5 ವರ್ಷವೂ ಪೂರ್ತಿ 5 ಲಕ್ಷದ ಮೇಲೆ ಬಡ್ಡಿ, ನೀವು ಅಸಲು ತೀರಿಸುತ್ತಾ ಬಂದಿದ್ದರೂ ಸಹ. ಕಂತು 12,500. ಅದರ ನಿಜವಾದ ದರ ಶೇ. 17 ದಾಟುತ್ತದೆ. ಶೇ. 11 ಅಂದವರಿಗಿಂತ ಶೇ. 10 ಅಂದವರು ದುಬಾರಿ. ಎರಡು ಕಡೆಯ ಕೆಎಫ್‌ಎಸ್ ಪಕ್ಕ ಪಕ್ಕ ಇಟ್ಟು ಎಪಿಆರ್ ಸಾಲು ಮಾತ್ರ ಹೋಲಿಸಿ ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಬಲವಾದ ನಿಯಮ ಇದೆ. ಆ ಹಾಳೆಯಲ್ಲಿ ಇಲ್ಲದ ಯಾವ ಫೀಸನ್ನೂ ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಸಾಲದ ಅವಧಿಯಲ್ಲಿ ಯಾವಾಗಲೂ ಹಾಕುವಂತಿಲ್ಲ. ಮತ್ತೆ, 7 ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲಕ್ಕೆ ಆ ಹಾಳೆ ಕೊಟ್ಟ ಮೇಲೆ ಕನಿಷ್ಠ 3 ಕೆಲಸದ ದಿನ ಅದರಲ್ಲಿನ ಷರತ್ತುಗಳಿಗೆ ಅವರು ಬದ್ಧರಾಗಿರಬೇಕು. "ಇವತ್ತೇ ಸಹಿ ಹಾಕದಿದ್ದರೆ ಈ ರೇಟ್ ಹೋಗುತ್ತೆ" ಅಂತ ಯಾರಾದರೂ ಅವಸರ ಮಾಡಿದರೆ ಇದು ನೆನಪಿರಲಿ. ಹಾಳೆ ಮನೆಗೆ ತನ್ನಿ. ಮನೆಯಲ್ಲಿ ಲೆಕ್ಕ ಗೊತ್ತಿರುವವರ ಜೊತೆ ಕೂತು ಓದಿ. ಆಮೇಲೆ ಹೋಗಿ ಸಹಿ ಹಾಕಿ.

ವಿಮೆ ವಿಷಯ. ಸಾಲಕ್ಕೆ ವಿಮೆ ಮಾಡಿಸುವುದು ಒಳ್ಳೆಯದೇ, ಮನೆ ನಡೆಸುವವರಿಗೆ ಏನಾದರೂ ಆದರೆ ಉಳಿದವರ ಮೇಲೆ ಹೊರೆ ಬೀಳುವುದಿಲ್ಲ. ಆದರೆ ಇಂಥ ಕಂಪನಿಯಲ್ಲೇ, ಇಷ್ಟೇ ಮೊತ್ತಕ್ಕೆ, ಒಂದೇ ಕಂತಿನ ಪ್ರೀಮಿಯಂ ಸಾಲಕ್ಕೆ ಸೇರಿಸಿಯೇ ತಗೊಳ್ಳಬೇಕು ಅಂತ ಒತ್ತಾಯ ಮಾಡುವಂತಿಲ್ಲ. ಪ್ರೀಮಿಯಂ ಸಾಲಕ್ಕೆ ಸೇರಿದರೆ ಅದಕ್ಕೂ ಬಡ್ಡಿ ಕಟ್ಟುತ್ತೀರಿ. ಗೊತ್ತಿಲ್ಲದೆ ಸಹಿ ಹಾಕಿಬಿಟ್ಟಿದ್ದರೂ ದಾರಿ ಇದೆ. ಜೀವವಿಮೆ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಅಂತ ವಾಪಸ್ ಮಾಡಬಹುದು. ಇದನ್ನು ಫ್ರೀ ಲುಕ್ ಅನ್ನುತ್ತಾರೆ. ಮುಂಚೆ 15 ದಿನ ಇತ್ತು, 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ 30 ದಿನಕ್ಕೆ ಏರಿಸಿತು.

ಈಗ ದುಡ್ಡು ಬಿಡುಗಡೆ. 2024ರ ಏಪ್ರಿಲ್ 29ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ತಪಾಸಣೆ ಮಾಡುವಾಗ ಅವರಿಗೆ ಕೆಲವು ಕಡೆ ಕಂಡದ್ದು ಇದು: ಸಾಲ ಮಂಜೂರಾದ ದಿನದಿಂದಲೋ ಒಪ್ಪಂದ ಮಾಡಿಕೊಂಡ ದಿನದಿಂದಲೋ ಬಡ್ಡಿ ಹಾಕುತ್ತಿದ್ದರು, ದುಡ್ಡು ಕೊಟ್ಟದ್ದು ಮಾತ್ರ ಎಷ್ಟೋ ದಿನ ಆದ ಮೇಲೆ. ಚೆಕ್ಕಿನ ಮೇಲಿನ ತಾರೀಕಿನಿಂದ ಬಡ್ಡಿ, ಚೆಕ್ ಕೈಗೆ ಸಿಕ್ಕಿದ್ದು ತಡವಾಗಿ. ತಿಂಗಳ ಮಧ್ಯೆ ಸಾಲ ಕೊಟ್ಟು ಇಡೀ ತಿಂಗಳ ಬಡ್ಡಿ. ಒಂದೆರಡು ಕಂತು ಮುಂಗಡ ಹಿಡಿದುಕೊಂಡು ಪೂರ್ತಿ ಮೊತ್ತಕ್ಕೆ ಬಡ್ಡಿ. ಇದೆಲ್ಲ ಸರಿಯಲ್ಲ, ಹೀಗೆ ಜಾಸ್ತಿ ವಸೂಲಿ ಮಾಡಿದ್ದನ್ನು ವಾಪಸ್ ಕೊಡಿ ಅಂತ ಅದು ಹೇಳಿತು. ನಿಮ್ಮ ಸಾಲದ ಮೊದಲ ತಿಂಗಳ ಸ್ಟೇಟ್‌ಮೆಂಟ್ ತೆಗೆದು ನೋಡಿ. ದುಡ್ಡು ನಿಮ್ಮ ಖಾತೆಗೆ ಬಂದ ತಾರೀಕು ಯಾವುದು, ಬಡ್ಡಿ ಶುರುವಾದ ತಾರೀಕು ಯಾವುದು? ಎರಡೂ ತಾಳೆ ಆಗಬೇಕು.

ಹಂತ ಹಂತದ ಬಿಡುಗಡೆ ಮುಖ್ಯ ಅಂದೆನಲ್ಲ, ಅದರ ಕಾರಣ ಈಗ. ಕಟ್ಟುತ್ತಿರುವ ಮನೆಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿತ್ತು: ಗೃಹಸಾಲದ ಹಣವನ್ನು ಕೆಲಸ ಎಷ್ಟು ಮುಗಿದಿದೆಯೋ ಅದಕ್ಕೆ ತಕ್ಕ ಹಾಗೆ ಬಿಡಬೇಕು, ಬಿಲ್ಡರ್ ಕೈಗೆ ಮೊದಲೇ ಸುರಿಯಬಾರದು. ಆಗ 80:20 ಅಂತ, ಮನೆ ಕಟ್ಟುವ ಮುಂಚೆಯೇ ಸಾಲದ ಹಣ ಬಿಲ್ಡರಿಗೆ ಹೋಗುವ ಸ್ಕೀಮುಗಳು ಓಡುತ್ತಿದ್ದವು. ಸಣ್ಣ ರಿಪೇರಿಗೆ ಅದನ್ನೇ ನೀವು ಸ್ವಂತವಾಗಿ ಪಾಲಿಸಬಹುದು. ದೊಡ್ಡ ಕೆಲಸ ಆದರೆ ಹಂತ ಹಂತವಾಗಿ ಬಿಡಿ ಅಂತ ಬ್ಯಾಂಕಿಗೇ ಕೇಳಿ. ಬಿಟ್ಟಷ್ಟಕ್ಕೆ ಮಾತ್ರ ಬಡ್ಡಿ ಬೀಳುತ್ತದೆ, ಮತ್ತೆ ಕಂಟ್ರ್ಯಾಕ್ಟರಿಗೂ "ಬ್ಯಾಂಕಿಂದ ಮುಂದಿನ ಹಂತ ಬಂದಿಲ್ಲ, ಇದು ಮುಗಿಸಿ" ಅಂತ ಹೇಳಲು ದಾರಿ ಇರುತ್ತದೆ.

ಇಲ್ಲಿ ಬೇರೆ ದೇಶಗಳ ಮಾತು ಸ್ವಲ್ಪ ಹೇಳಬೇಕು. ಅಮೆರಿಕದಲ್ಲಿ ವಾಸದ ಮನೆಯನ್ನು ಅಡ ಇಟ್ಟು ರಿಪೇರಿ ಸಾಲ ತೆಗೆದರೆ, ಸಹಿ ಹಾಕಿದ ಮೇಲೂ 3 ಕೆಲಸದ ದಿನದೊಳಗೆ ಕಾರಣ ಹೇಳದೆ ರದ್ದು ಮಾಡಬಹುದು. 1968ರ ಕಾನೂನಿನಿಂದ ಬಂದ ಹಕ್ಕು ಅದು. ಅಲ್ಲಿ ಇನ್ನೊಂದು ನಿಯಮ ಇದೆ, 1975ರಲ್ಲಿ ತಂದದ್ದು. ಕೆಲಸ ಮಾಡುವವನೇ ಸಾಲದ ವ್ಯವಸ್ಥೆಯನ್ನೂ ಮಾಡಿಕೊಟ್ಟಿದ್ದರೆ, ಅವನ ಮೇಲೆ ನಿಮಗಿರುವ ತಕರಾರನ್ನು ಸಾಲ ಕೊಟ್ಟವರ ಮುಂದೂ ಇಡಬಹುದು. ಬ್ರಿಟನ್ನಿನ 1974ರ ಕಾನೂನಿನಲ್ಲೂ ಇಂಥದ್ದೇ ಇದೆ. 100 ಪೌಂಡ್‌ಗಿಂತ ಜಾಸ್ತಿ, 30,000 ಪೌಂಡ್ ಒಳಗಿನ ಖರೀದಿಗೆ, ಮಾರುವವರ ಜೊತೆ ಸೇರಿ ಸಾಲ ಕೊಟ್ಟವರೂ ಅವರಷ್ಟೇ ಹೊಣೆ. ಅಂದರೆ ನಾನು ಶುರುವಿನಲ್ಲಿ ಹೇಳಿದ ಎರಡು ಒಪ್ಪಂದಗಳನ್ನು ಅವರು ಕಾನೂನಿನಲ್ಲೇ ಒಂದಕ್ಕೊಂದು ಗಂಟು ಹಾಕಿದ್ದಾರೆ. ನಮ್ಮಲ್ಲೂ ಇದು ಬರಬೇಕು ಅನ್ನುವುದು ನನ್ನ ಬಲವಾದ ಆಸೆ. ಕಂಟ್ರ್ಯಾಕ್ಟರೇ ಟ್ಯಾಬ್ ಹಿಡಿದುಕೊಂಡು ಬಂದು ಜಗಲಿ ಮೇಲೆ ಕೂತು ಹತ್ತು ನಿಮಿಷದಲ್ಲಿ ಸಾಲ ಮಾಡಿಸಿಕೊಡುವ ಕಾಲ ಇದು. ಮಾಡ್ಯುಲರ್ ಕಿಚನ್, ವಾಟರ್‌ಪ್ರೂಫಿಂಗ್, ಸೋಲಾರ್, ಎಲ್ಲದಕ್ಕೂ ಹೀಗೇ. ಆ ಮನುಷ್ಯ ತಂದ ಸಾಲಕ್ಕೆ ಅವನ ಕೆಲಸದ ಹೊಣೆ ಅಂಟಿಕೊಳ್ಳದಿದ್ದರೆ ಅದು ನ್ಯಾಯವೇ?

ಇಂಥ ಆ್ಯಪ್ ಸಾಲಗಳಿಗೆ ನಮ್ಮಲ್ಲಿ ಬೇರೆ ಒಂದು ರಕ್ಷಣೆ ಇದೆ. 2022ರಲ್ಲಿ ಮೊದಲು ಬಂದು 2025ರ ಮೇನಲ್ಲಿ ಹೊಸದಾಗಿ ಹೊರಟ ಡಿಜಿಟಲ್ ಸಾಲದ ನಿಯಮಗಳ ಪ್ರಕಾರ, ಸಾಲ ತಗೊಂಡ ಮೇಲೆ ಮನಸ್ಸು ಬದಲಾಯಿಸಲು ಕೂಲಿಂಗ್ ಆಫ್ ಅವಧಿ ಕೊಡಬೇಕು, ಕನಿಷ್ಠ ಒಂದು ದಿನ. ಆ ಅವಧಿಯಲ್ಲಿ ಅಸಲು ಮತ್ತು ಅಷ್ಟು ದಿನಕ್ಕೆ ಎಪಿಆರ್ ಪ್ರಕಾರ ಬರುವ ಹಣ ಕಟ್ಟಿ ದಂಡವಿಲ್ಲದೆ ಹೊರಬರಬಹುದು. ಪ್ರೊಸೆಸಿಂಗ್ ಫೀ ವಾಪಸ್ ಬರುವುದಿಲ್ಲ ಅಂತ ಕೆಎಫ್‌ಎಸ್‌ನಲ್ಲೇ ಬರೆದಿದ್ದರೆ ಅದನ್ನು ಮಾತ್ರ ಹಿಡಿದುಕೊಳ್ಳಬಹುದು. ಎಷ್ಟು ದಿನ ಅನ್ನುವುದು ಕೆಎಫ್‌ಎಸ್‌ನಲ್ಲಿ ಇರುತ್ತದೆ, ನೋಡಿ. ಆ್ಯಪ್ ನಿಮ್ಮ ಫೋನಿನ ಕಾಂಟ್ಯಾಕ್ಟ್ಸ್, ಫೋಟೋ, ಕಾಲ್ ಲಾಗ್ ಕೇಳುವಂತಿಲ್ಲ. ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ವಿಷಯ, ಒಂದು ನಿರ್ದಿಷ್ಟ ಉದ್ದೇಶದ ಸಾಲದಲ್ಲಿ ದುಡ್ಡು ನಿಮ್ಮ ಖಾತೆಗೆ ಬರದೆ ನೇರ ಆ ಮಾರಾಟಗಾರರಿಗೆ ಹೋಗಬಹುದು, ಅದಕ್ಕೆ ನಿಯಮದಲ್ಲಿ ಅವಕಾಶ ಇದೆ. ಹಾಗೆ ಹೋದರೆ ನಿಮ್ಮ ಕೈಯಲ್ಲಿದ್ದ ಹಿಡಿತ ಹೋಯಿತು. ಸಾಧ್ಯವಾದರೆ ನಿಮ್ಮ ಖಾತೆಗೇ ಬರಲಿ ಅಂತ ಕೇಳಿ.

ಸೋಲಾರ್ ಅಂದೆನಲ್ಲ, ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಅದು ಬರುವುದು ಪ್ಯಾನೆಲ್ ಹಾಕಿ, ಚಾಲೂ ಆದ ಮೇಲೆ, ನಿಮ್ಮ ಬ್ಯಾಂಕ್ ಖಾತೆಗೆ. ಹಾಗಾಗಿ ಸಾಲದ ಮೊತ್ತವನ್ನು ಸಬ್ಸಿಡಿ ಕಳೆದು ಲೆಕ್ಕ ಹಾಕಿದ್ದಾರೋ ಇಲ್ಲವೋ, ನಡುವಿನ ತಿಂಗಳುಗಳ ಕಂತು ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ.

ಕಂಟ್ರ್ಯಾಕ್ಟರ್ ಜೊತೆಗಿನ ಒಪ್ಪಂದಕ್ಕೆ ಬಂದೆ. ಇದಕ್ಕೆ ಸ್ವಲ್ಪ ಜಾಸ್ತಿ ಸಮಯ ತಗೊಳ್ಳುತ್ತೇನೆ, ಯಾಕೆಂದರೆ ನನ್ನ ಹತ್ತಿರ ಸಲಹೆಗೆ ಬರುವವರ ಕಣ್ಣೀರೆಲ್ಲ ಇಲ್ಲಿಯದೇ. ಒಬ್ಬ ನಿವೃತ್ತ ಟೀಚರ್ ಬಂದಿದ್ದರು. ಹಳೇ ಮದ್ರಾಸ್ ತಾರಸಿ ಮನೆ, ಅಂದರೆ ಮರದ ತೊಲೆ ಮೇಲೆ ಇಟ್ಟಿಗೆ, ಗಾರೆ ಹಾಕಿದ ತಾರಸಿ. 6 ಲಕ್ಷಕ್ಕೆ ಮಾತಾಗಿತ್ತು. "ಸಾಮಾನು ರೇಟ್ ಏರುತ್ತೆ ಅಮ್ಮಾ, ಒಟ್ಟಿಗೇ ತಂದು ಹಾಕೋಣ" ಅಂತ ಹೇಳಿ ಅವನು 4 ಲಕ್ಷ ಅಡ್ವಾನ್ಸ್ ತಗೊಂಡ. ಹಳೇ ಗಾರೆ ಕೆರೆದು ಹಾಕಿದ, ಎರಡು ಕಡೆ ತೊಲೆ ತೆಗೆದ, ಅಷ್ಟೇ. ಮೇ ತಿಂಗಳು. ಮುಂಗಾರು ಶುರುವಾಗುವ ಹೊತ್ತಿಗೆ ಫೋನ್ ತೆಗೆಯುವುದೇ ನಿಲ್ಲಿಸಿದ. ಅವರು ಟಾರ್ಪಾಲ್ ಕಟ್ಟಿ ಮಳೆಗಾಲ ಕಳೆದರು. ಅವರ ಕೈಯಲ್ಲಿ ಇದ್ದ ದಾಖಲೆ ಏನು? ಒಂದು ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ನಲ್ಲಿ ಬರೆದ "6 ಲಕ್ಷ, ಫುಲ್ ಕೆಲಸ". ಬ್ಯಾಂಕ್ ಸಾಲಕ್ಕೆ ಅವರು ಕೊಟ್ಟಿದ್ದ ಎಸ್ಟಿಮೇಟು ನೋಡಿದರೆ ಇಂಜಿನಿಯರ್ ಸೀಲು ಹಾಕಿದ, ಐಟಂ ಐಟಂ ಬರೆದ ನಾಲ್ಕು ಪುಟ! ಬ್ಯಾಂಕಿಗೆ ತೋರಿಸಲು ಅಷ್ಟು ಚೆನ್ನಾಗಿ ಮಾಡಿಸಿದ ಕಾಗದವನ್ನು ಕಂಟ್ರ್ಯಾಕ್ಟರ್ ಹತ್ತಿರ ಸಹಿ ಮಾಡಿಸಿಕೊಳ್ಳುವುದು ಯಾರಿಗೂ ಹೊಳೆಯಲಿಲ್ಲ.

ಹಾಗಾಗಿ ಬ್ಯಾಂಕಿಗೆ ಕೊಟ್ಟ ಅದೇ ಎಸ್ಟಿಮೇಟಿನ ಒಂದು ಪ್ರತಿ ತೆಗೆಯಿರಿ. ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಿ. ಅದಕ್ಕೆ ಒಂದು ಪುಟ ಸೇರಿಸಿ, ಕನ್ನಡದಲ್ಲೇ ಬರೆಯಿರಿ. ಯಾವ ಸಿಮೆಂಟು, ಎಷ್ಟು ದಪ್ಪದ ಕಂಬಿ, ಯಾವ ಗ್ರೇಡಿನ ಪೈಪು, ಸಾಮಾನು ಯಾರು ತರುವುದು, ಕೆಲಸ ಶುರು ಯಾವತ್ತು, ಮುಗಿಯುವುದು ಯಾವತ್ತು. ಹೆಚ್ಚುವರಿ ಕೆಲಸ ಬಂದರೆ ಮೊದಲು ರೇಟ್ ಬರೆದು ಒಪ್ಪಿಕೊಂಡೇ ಮಾಡುವುದು. ಸೋರಿಕೆ ಕೆಲಸ ಆದರೆ ಮುಂದಿನ ಎಷ್ಟು ಮಳೆಗಾಲಕ್ಕೆ ಅವರು ಹೊಣೆ. ಕೆಲಸಗಾರರಿಗೆ ಪೆಟ್ಟಾದರೆ ಖರ್ಚು ಯಾರದು, ಇದನ್ನು ಎಲ್ಲರೂ ಮರೆಯುತ್ತಾರೆ. ಆಮೇಲೆ ದುಡ್ಡಿನ ಹಂತ. ಅಡ್ವಾನ್ಸ್ ಶೇ. 10-15ಕ್ಕಿಂತ ಜಾಸ್ತಿ ಬೇಡ ಅಂತ ನಾನು ಹೇಳುತ್ತೇನೆ. ಸಾಮಾನಿಗೆ ಬೇಕು ಅಂದರೆ ಅಂಗಡಿಗೆ ನೀವೇ ನೇರ ದುಡ್ಡು ಹಾಕಿ ಬಿಲ್ ನಿಮ್ಮ ಹೆಸರಿಗೆ ಮಾಡಿಸಿ. ಉಳಿದದ್ದು ಮುಗಿದ ಕೆಲಸಕ್ಕೆ ಮಾತ್ರ. ಕೊನೆಯ ಶೇ. 10 ಕೈಯಲ್ಲಿಟ್ಟುಕೊಳ್ಳಿ, ಎಲ್ಲ ಮುಗಿದು ಒಂದು ಮಳೆ ಬಿದ್ದ ಮೇಲೆ ಕೊಡಿ. ದೊಡ್ಡ ಗುತ್ತಿಗೆಗಳಲ್ಲಿ ಇದನ್ನು ರಿಟೆನ್ಷನ್ ಅನ್ನುತ್ತಾರೆ, ಸರ್ಕಾರಿ ಕೆಲಸಗಳಲ್ಲಿ ಸಾಮಾನ್ಯ. ಒಳ್ಳೆಯ ಮೇಸ್ತ್ರಿಗಳು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ನಿಮ್ಮ ಕಡೆಯಿಂದಲೂ ಹಂತ ಮುಗಿದ ದಿನವೇ ದುಡ್ಡು ಕೊಡಿ, ಅವರಿಗೂ ಶನಿವಾರ ಆಳುಗಳಿಗೆ ಬಟವಾಡೆ ಮಾಡಬೇಕಿರುತ್ತದೆ.

ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ. ನಗದು ಕೊಡಲೇಬೇಕಾದರೆ ರಸೀದಿ ಪಡೆಯಿರಿ. ಪ್ರತಿ ಹಂತದ ಫೋಟೋ, ವಾಟ್ಸಾಪ್ ಮಾತುಕತೆ ಇಟ್ಟುಕೊಳ್ಳಿ. ಮಹಡಿ ಏರಿಸುವುದಾದರೆ ಸ್ಥಳೀಯ ಸಂಸ್ಥೆಯಿಂದ ಪ್ಲಾನ್ ಮಂಜೂರಾತಿ ನಿಮ್ಮದೇ ಜವಾಬ್ದಾರಿ. ಬ್ಯಾಂಕ್ ಸಾಲ ಕೊಟ್ಟಿತು ಅಂದ ಮಾತ್ರಕ್ಕೆ ಕಟ್ಟಡಕ್ಕೆ ಅನುಮತಿ ಸಿಕ್ಕಿತು ಅಂತ ಅಲ್ಲ.

ಆ ಟೀಚರಿಗೆ ದಾರಿಯೇ ಇಲ್ಲವೇ? ಇದೆ. ಮನೆ ಕಟ್ಟುವ, ರಿಪೇರಿ ಮಾಡುವ ಕೆಲಸ ಗ್ರಾಹಕ ಕಾನೂನಿನಲ್ಲಿ ಸೇವೆಯೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸ ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು, ಕಂಟ್ರ್ಯಾಕ್ಟರ್ ಎಲ್ಲಿಯವನಾದರೂ ಸರಿ. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ. 5 ಲಕ್ಷದವರೆಗೆ ಫೀಸೇ ಇಲ್ಲ. ಲಾಯರ್ ಕಡ್ಡಾಯವಲ್ಲ. ಘಟನೆ ನಡೆದ 2 ವರ್ಷದೊಳಗೆ ಹಾಕಬೇಕು. ಹೋಗುವ ಮುಂಚೆ 1915 ಸಹಾಯವಾಣಿಗೆ ಫೋನ್ ಮಾಡಿ, ಕೆಲವು ಸಲ ಅಲ್ಲೇ ಬಗೆಹರಿಯುತ್ತದೆ. ಆಕೆಯ ಖಾತೆಯಿಂದ 4 ಲಕ್ಷ ಆನ್‌ಲೈನಿನಲ್ಲಿ ಹೋಗಿತ್ತು, ಅದೇ ದೊಡ್ಡ ಆಧಾರವಾಯಿತು. ನಗದು ಕೊಟ್ಟಿದ್ದರೆ ಕಷ್ಟವಿತ್ತು.

ಸಾಲ ತೀರಿಸುವ ದಿನಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಬದಲಾಗುವ ಬಡ್ಡಿಯ ಸಾಲದಲ್ಲಿ ದರ ಏರಿದಾಗ ಕಂತು ಏರಿಸಬೇಕೋ, ಅವಧಿ ಎಳೆಯಬೇಕೋ ಅನ್ನುವುದು ನಿಮ್ಮ ಆಯ್ಕೆ, 2023ರ ಆಗಸ್ಟ್‌ನಿಂದ ಆ ನಿಯಮ ಇದೆ. ಸುಮ್ನೆ ಅವಧಿ ಎಳೆದು ಬಿಟ್ಟಿದ್ದರೆ ಕೇಳಿ. ಕಂತು ತಪ್ಪಿದರೆ ದಂಡ ಹಾಕಬಹುದು, ಆದರೆ ದಂಡಬಡ್ಡಿ ಅಂತ ಹಾಕಿ ಅದನ್ನು ಅಸಲಿಗೆ ಸೇರಿಸಿ ಮತ್ತೆ ಬಡ್ಡಿ ಎಣಿಸುವಂತಿಲ್ಲ. 2024ರ ಏಪ್ರಿಲ್‌ನಿಂದ ಅದು ನಿಂತಿದೆ. ಮುಂಚಿತವಾಗಿ ತೀರಿಸುವುದಕ್ಕೆ, ವ್ಯಕ್ತಿಗಳು ವ್ಯಾಪಾರಕ್ಕಲ್ಲದೆ ತೆಗೆದ ಫ್ಲೋಟಿಂಗ್ ದರದ, ಅಂದರೆ ಬದಲಾಗುವ ಬಡ್ಡಿಯ ಸಾಲಕ್ಕೆ ಶುಲ್ಕ ಇಲ್ಲ. ಗೃಹಸಾಲಕ್ಕೆ 2012ರಿಂದಲೇ ಇದು ಇತ್ತು. 2026ರ ಜನವರಿ 1ರಿಂದ ಮಂಜೂರಾಗುವ ಸಾಲಗಳಿಗೆ ನಿಯಮ ಇನ್ನೂ ಸ್ಪಷ್ಟವಾಗಿದೆ. ದುಡ್ಡು ಎಲ್ಲಿಂದ ತಂದು ಕಟ್ಟಿದರೂ ಸರಿ, ಇಷ್ಟು ತಿಂಗಳು ಕಟ್ಟಿರಲೇಬೇಕು ಅಂತಲೂ ಇಲ್ಲ. ಸ್ಥಿರ ಬಡ್ಡಿಯ ಪರ್ಸನಲ್ ಲೋನಿಗೆ ಇದು ಅನ್ವಯಿಸುವುದಿಲ್ಲ, ಅದರ ಶುಲ್ಕ ಕೆಎಫ್‌ಎಸ್‌ನಲ್ಲಿ ನೋಡಿಕೊಳ್ಳಿ.

ಕಷ್ಟಕ್ಕೆ ಸಿಕ್ಕಿದರೆ? ವಸೂಲಿ ಏಜೆಂಟರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ನೆಂಟರಿಗೆ ಫೋನ್ ಮಾಡಿ ಮಾನ ಕಳೆಯುವುದು, ಯಾವುದಕ್ಕೂ ಅವಕಾಶ ಇಲ್ಲ. ಹಾಗೆ ಮಾಡಿದರೆ ಹೊಣೆ ಬ್ಯಾಂಕಿನದೇ. ಮನೆ ಅಡ ಇರುವ ಸಾಲದಲ್ಲಿ 90 ದಿನಕ್ಕಿಂತ ಹೆಚ್ಚು ಕಂತು ಬಾಕಿ ಉಳಿದರೆ ಅದು ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ. ಆಮೇಲೆ, ಅಡ ಇಟ್ಟ ಆಸ್ತಿಯನ್ನು ಕೋರ್ಟಿನಲ್ಲಿ ದಾವೆ ಹೂಡದೆಯೇ ವಶಕ್ಕೆ ಪಡೆಯಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಬರುತ್ತದೆ. ಆ ನೋಟಿಸನ್ನು ಹೆದರಿ ಬೀರುವಿನಲ್ಲಿ ಇಟ್ಟುಬಿಡುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಅದಕ್ಕೆ ಲಿಖಿತ ಆಕ್ಷೇಪಣೆ ಕೊಟ್ಟರೆ 15 ದಿನದೊಳಗೆ ಕಾರಣ ಸಮೇತ ಉತ್ತರ ಕೊಡಲೇಬೇಕು. ಸ್ವಾಧೀನಕ್ಕೆ ಕ್ರಮ ತಗೊಂಡರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಸಾಲ 1 ಲಕ್ಷದ ಒಳಗಿದ್ದರೆ, ಅಥವಾ ಬಾಕಿ ಉಳಿದದ್ದು ಅಸಲು-ಬಡ್ಡಿಯ ಶೇ. 20ಕ್ಕಿಂತ ಕಮ್ಮಿ ಇದ್ದರೆ ಆ ಕಾಯ್ದೆ ಬಳಸುವಂತೆಯೇ ಇಲ್ಲ. ಬಹಳ ವರ್ಷ ಕಟ್ಟಿ ಕೊನೆಯಲ್ಲಿ ಎಡವಿದವರಿಗೆ ಇದು ದೊಡ್ಡ ಆಸರೆ.

ದೂರು ಎಲ್ಲಿಗೆ ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಮೊದಲು ಬ್ಯಾಂಕಿಗೇ, ಬರವಣಿಗೆಯಲ್ಲಿ. ದೂರಿನ ನಂಬರ್ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ. ರಿಸರ್ವ್ ಬ್ಯಾಂಕಿನ ಸಿಎಂಎಸ್ ಅನ್ನುವ ದೂರಿನ ಪೋರ್ಟಲಿನಲ್ಲಿ ಹಾಕಬಹುದು, ಫೀಸಿಲ್ಲ. ಮಾಹಿತಿಗೆ 14448 ನಂಬರ್ ಇದೆ. ಸಾಲ ಕೊಟ್ಟವರು ಹೌಸಿಂಗ್ ಫೈನಾನ್ಸ್ ಕಂಪನಿ ಆಗಿದ್ದರೆ ರಾಷ್ಟ್ರೀಯ ವಸತಿ ಬ್ಯಾಂಕಿನ ಗ್ರಿಡ್ಸ್ ಅನ್ನುವ ದೂರಿನ ಪೋರ್ಟಲಿಗೆ ಹಾಕಿ. ಈ ವ್ಯತ್ಯಾಸ ಗೊತ್ತಿಲ್ಲದೆ ತಪ್ಪು ಬಾಗಿಲು ತಟ್ಟಿ ತಿಂಗಳುಗಟ್ಟಲೆ ಕಳೆದುಕೊಳ್ಳುವವರಿದ್ದಾರೆ.

ಉಳಿದದ್ದು ಸಾಲ ತೀರಿದ ದಿನದ ಕೆಲಸ. ಕೊನೆ ಕಂತು ಕಟ್ಟಿದ ಮೇಲೆ 30 ದಿನದೊಳಗೆ ಮನೆಯ ಮೂಲ ಪತ್ರಗಳೆಲ್ಲ ವಾಪಸ್ ಕೊಡಬೇಕು, ರಿಜಿಸ್ಟ್ರಿಯಲ್ಲಿ ಹಾಕಿದ ಋಣಭಾರವನ್ನೂ ತೆಗೆಸಬೇಕು. ಅವರ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. 2023ರ ಡಿಸೆಂಬರ್ 1ರಿಂದ ಪತ್ರ ಬಿಡಿಸಿಕೊಳ್ಳುವ ಎಲ್ಲರಿಗೂ ಈ ನಿಯಮ ಇದೆ. ಪತ್ರ ಕಳೆದುಹಾಕಿದ್ದರೆ ನಕಲು ಪ್ರತಿ ಮಾಡಿಸುವ ಖರ್ಚು ಅವರದೇ, ಅದಕ್ಕೆ ಇನ್ನೂ 30 ದಿನ ಸಿಗುತ್ತದೆ, ಆಮೇಲೆ ಅದೇ ದಂಡ ಶುರು. ಸಾಲಗಾರರು ತೀರಿಕೊಂಡಿದ್ದರೆ ವಾರಸುದಾರರಿಗೆ ಪತ್ರ ಕೊಡುವ ಕ್ರಮವನ್ನು ಅವರು ಮೊದಲೇ ಪ್ರಕಟಿಸಿರಬೇಕು. ಪತ್ರ ಕೈಗೆ ಬಂದಾಗ ಸಾಲ ಕೊಡುವಾಗ ಮಾಡಿದ ಪಟ್ಟಿ ಹಿಡಿದು ಒಂದೊಂದೇ ತಾಳೆ ನೋಡಿ ಸಹಿ ಹಾಕಿ. ಆಮೇಲೆ ಒಂದು ಹೊಸ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿ, ಸಬ್ ರಿಜಿಸ್ಟ್ರಾರ್ ಕಚೇರಿಯ ದಾಖಲೆಯಲ್ಲಿ ಬ್ಯಾಂಕಿನ ಹೆಸರು ಬಿಡುಗಡೆ ಆಗಿದೆಯೇ ಅಂತ ಖಚಿತ ಮಾಡಿಕೊಳ್ಳಿ. ಕ್ರೆಡಿಟ್ ರಿಪೋರ್ಟಿನಲ್ಲಿ ಇನ್ನೂ ಬಾಕಿ ಅಂತ ತೋರಿಸುತ್ತಿದ್ದರೆ ತಿದ್ದಲು ಅರ್ಜಿ ಹಾಕಿ. 30 ದಿನದಲ್ಲಿ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೇಳುವ ಹಕ್ಕು 2024ರ ಏಪ್ರಿಲ್‌ನಿಂದ ನಿಮಗಿದೆ.